ಮೊಸ್ಕೇನಿಯ ಗೋಡೆಗಳು: ಮಂಗಳೂರಿನಲ್ಲಿ ಮೂರು ದಿನ

ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ತಲೆ ಎತ್ತಿ ಒಂದು ಸುತ್ತು ಹಾಕುತ್ತಾರೆ, ಕತ್ತು ಸೋತ ಮೇಲೆ ಹೊರಗೆ ಬಂದು ಮೆಟ್ಟಿಲಲ್ಲಿ ಫೋಟೊ ತೆಗೆದು ಕಡಲತೀರಕ್ಕೆ ಹೊರಡುತ್ತಾರೆ. ಅವರನ್ನು ದೂರಿ ಫಲವಿಲ್ಲ. ಒಳಗೆ 829 ಚದರ ಮೀಟರ್ ಚಿತ್ರವಿದೆ. ಅದರಲ್ಲಿ 600 ಚದರ ಮೀಟರ್ ಫ್ರೆಸ್ಕೊ, ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬರೆದ ಚಿತ್ರ, ಉಳಿದದ್ದು ಕ್ಯಾನ್ವಾಸಿನ ಮೇಲಿನ ಎಣ್ಣೆಬಣ್ಣ. ಇಷ್ಟೂ ಒಟ್ಟಿಗೆ ಎದುರಾದರೆ ಯಾವ ಕಣ್ಣಾದರೂ ಸೋಲುತ್ತದೆ. ಈ ಕೆಲಸವನ್ನು, ಅದನ್ನು ಮಾಡಿದ ಇಟಲಿಯ ಚಿತ್ರಗಾರ ಅಂತೋನಿಯೊ ಮೊಸ್ಕೇನಿಯನ್ನು, ಅವನು ಬದುಕಿನ ಕೊನೆಯ ಏಳು ವರ್ಷ ಕಳೆದ ಈ ಕರಾವಳಿಯನ್ನು ಒಟ್ಟಿಗೆ ಅರ್ಥ ಮಾಡಿಕೊಳ್ಳಲು ಮೂರು ದಿನ ಬೇಕು. ಎರಡು ದಿನ ಚಾಪೆಲ್ಲಿಗೆ, ನಡುವಿನ ಒಂದು ದಿನ ಊರಿಗೆ.

ಕಾಲದ ಮಾತು ಮೊದಲು. ನವೆಂಬರಿನಿಂದ ಫೆಬ್ರವರಿವರೆಗೆ ಓಡಾಟ ಸುಖ. ಆದರೆ ಗೋಡೆಯನ್ನೂ ನೋಡಬೇಕೆನ್ನುವವರಿಗೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲ ವಾರವೇ ಸರಿ. ನಾಲ್ಕು ತಿಂಗಳು ನೀರು ಕುಡಿದ ಗೋಡೆ ಆಗ ಒಣಗಲು ತೊಡಗಿರುತ್ತದೆ. ಸುಣ್ಣದ ಕೆಲಸಕ್ಕೆ ಏನೇನು ತೊಂದರೆ ಬರಬಹುದೋ ಅದೆಲ್ಲ ಕಣ್ಣಿಗೆ ಬೀಳುವ ಕಾಲ ಅದು. ಜೊತೆಗೆ ಎಂಟು ಪಟ್ಟು ಹಿಗ್ಗಿಸುವ ಸಣ್ಣ ಬೈನಾಕ್ಯುಲರ್, ಅಂಗೈಯಷ್ಟು ಅಗಲದ ಕನ್ನಡಿ, ಒಂದು ನೋಟ್‌ಪುಸ್ತಕ ಇರಲಿ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಹಾಗಾಗಿ ಪುಸ್ತಕ ನಿಜಕ್ಕೂ ಬೇಕಾಗುತ್ತದೆ. ಕನ್ನಡಿ ಚಾವಣಿಗಾಗಿ. ಎದೆಯ ಮಟ್ಟದಲ್ಲಿ ಹಿಡಿದು ಕೆಳಗೆ ನೋಡಿದರೆ ಚಾವಣಿಯ ಚಿತ್ರ ಅದರಲ್ಲಿ ಬೀಳುತ್ತದೆ, ಕತ್ತು ಉಳಿಯುತ್ತದೆ. ಎಡ ಬಲ ಅದಲುಬದಲಾಗುವುದನ್ನು ಮಾತ್ರ ನೆನಪಿಡಬೇಕು.

ಒಂದನೇ ದಿನ

ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ ರಸ್ತೆ ಹಿಡಿದು ನಡೆದೇ ಏರಬಹುದು. ಬ್ರಿಟಿಷರ ವಿರುದ್ಧದ 1837ರ ಬಂಡಾಯದಲ್ಲಿ ರೈತರ ದಂಡು ಇದೇ ಗುಡ್ಡದ ಮೇಲೆ ಬಾವುಟ ಹಾರಿಸಿತು, ಗುಡ್ಡಕ್ಕೆ ಆ ಹೆಸರೇ ಉಳಿಯಿತು. ಯೇಸುಸಭೆಯ, ಅಂದರೆ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ, ಪಾದ್ರಿಗಳು ಮಂಗಳೂರಿಗೆ ಬಂದದ್ದು 1878ರ ಕೊನೆಗೆ. 1880ರಲ್ಲಿ ಕಾಲೇಜು ಶುರುವಾಯಿತು, ಆ ದಶಕದಲ್ಲೇ ಚಾಪೆಲ್ಲೂ ಎದ್ದಿತು. ಆದರೆ ಹದಿನೈದು ವರ್ಷದ ಮಟ್ಟಿಗೆ ಒಳಗೋಡೆಗಳು ಬರಿದಾಗಿಯೇ ಇದ್ದವು. ಚಿತ್ರಗಾರ ಬಂದದ್ದು 1898ರಲ್ಲಿ.

ಒಳಗೆ ಹೋದ ಕೂಡಲೇ ತಿರುಗಾಡಬೇಡಿ. ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ಸುಮ್ಮನೆ ಕೂತರೆ ಹೊರಗಿನ ಬಿಸಿಲಿನಿಂದ ಬಂದ ಕಣ್ಣು ಒಳಗಿನ ಬೆಳಕಿಗೆ ಹೊಂದಿಕೊಳ್ಳುತ್ತದೆ. ಇದು ಪ್ರಾರ್ಥನೆ ನಡೆಯುವ ಜಾಗ. ಪೂಜೆಯ ಹೊತ್ತಿಗೆ ಸುತ್ತಾಡುವುದು ಸಲ್ಲ, ಬಾಗಿಲಲ್ಲಿ ವೇಳೆ ಕೇಳಿಕೊಂಡೇ ಒಳಗೆ ಹೋಗಿ.

ನೋಡುವ ಕ್ರಮ ಚಾವಣಿಯ ನಡುಸಾಲಿನಿಂದ ಶುರುವಾಗಲಿ. ಅದು ಸಂತ ಅಲೋಶಿಯಸ್ ಗೊನ್ಜಾಗನ ಬದುಕು. ಅವನು 1568ರ ಮಾರ್ಚ್ 9ರಂದು ಉತ್ತರ ಇಟಲಿಯ ಲೊಂಬಾರ್ಡಿಯ ಕಾಸ್ಟಿಲಿಯೋನೆಯಲ್ಲಿ, ಆಳುವ ಮನೆತನದ ಹಿರಿಮಗನಾಗಿ ಹುಟ್ಟಿದ. 1585ರಲ್ಲಿ ಪಟ್ಟದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದ. 1591ರಲ್ಲಿ ರೋಮ್ ನಗರಕ್ಕೆ ಪ್ಲೇಗ್ ಬಿದ್ದಾಗ ರೋಗಿಗಳ ಸೇವೆಗೆ ನಿಂತು, ಅದೇ ಸೋಂಕು ತಗಲಿ ಜೂನ್ 21ರಂದು ತೀರಿಕೊಂಡ. ಆಗ ಅವನಿಗೆ ವಯಸ್ಸು 23. ಅರಮನೆ, ತ್ಯಾಗ, ರೋಗಿಗಳ ನಡುವಿನ ದಿನಗಳು ಎಂಬ ಈ ಕಥೆ ತಿಳಿದಿದ್ದರೆ ನಡುಸಾಲಿನ ಪಟ್ಟಿಕೆಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ನಡುಸಾಲಿನ ಇಕ್ಕೆಲದ ಇಳಿಜಾರು ಚಾವಣಿಯಲ್ಲಿ ಯೇಸುವಿನ ಹನ್ನೆರಡು ಪ್ರೇಷಿತರ ಸಾಲು. ಇನ್ನೂ ಕೆಳಗೆ, ಕಮಾನುಗಳ ಮೇಲ್ಭಾಗದಲ್ಲಿ, ಹೂಮಾಲೆಗಳ ನಡುವೆ ಧರ್ಮಸಭೆಯ ಸಂತರು. ಮೊದಲ ದಿನಕ್ಕೆ ಇಷ್ಟೇ ಸಾಕು. ಗೋಡೆಗಳನ್ನು ಮೂರನೇ ದಿನಕ್ಕೆ ಬಿಡಿ.

ಇಲ್ಲಿ ಸ್ವಲ್ಪ ನಿಂತು ಚಿತ್ರಗಾರನ ಊರನ್ನು ನೆನೆಯಬೇಕು. ಮೊಸ್ಕೇನಿ ಹುಟ್ಟಿದ್ದು 1854ರ ಜನವರಿ 17ರಂದು, ಬೆರ್ಗಾಮೊ ಪಕ್ಕದ ಸ್ಟೆಜಾನೊ ಎಂಬ ಹಳ್ಳಿಯಲ್ಲಿ. ಅದೂ ಲೊಂಬಾರ್ಡಿಯೇ. ಚಾವಣಿಯಲ್ಲಿರುವ ಸಂತನೂ ಚಾವಣಿ ಬರೆದವನೂ ಒಂದೇ ಸೀಮೆಯವರು. ಬೆರ್ಗಾಮೊದ ಕಾರಾರ ಅಕಾಡೆಮಿಯಲ್ಲಿ ಎನ್ರಿಕೊ ಸ್ಕೂರಿಯ ಕೈಕೆಳಗೆ ಕಲಿತು, ಆಮೇಲೆ ರೋಮಿಗೆ ಹೋಗಿ ವ್ಯಾಟಿಕನ್ನಿನ ಹಳೆಯ ಕೃತಿಗಳನ್ನು ಅಭ್ಯಾಸ ಮಾಡಿದ. 1889ರಲ್ಲಿ, ಕುಂಚದಿಂದಲೇ ಬದುಕು ಕಟ್ಟಿಕೊಂಡಿದ್ದ 35ರ ವಯಸ್ಸಿನಲ್ಲಿ, ಯೇಸುಸಭೆ ಸೇರಿದ. ಪಾದ್ರಿಯಾಗಿ ಅಲ್ಲ, ಬ್ರದರ್ ಆಗಿ. ಬ್ರದರ್ ಎಂದರೆ ಪೂಜೆ ಅರ್ಪಿಸುವ ಅಧಿಕಾರವಿಲ್ಲದ, ಕೈಕೆಲಸವನ್ನೇ ಸೇವೆಯಾಗಿ ಒಪ್ಪಿಸಿಕೊಂಡ ಸದಸ್ಯ. ಮೊಸ್ಕೇನಿಗೆ ಮಂಗಳೂರಿನಲ್ಲಿ ಪ್ರವಚನ ಹೇಳುವ ಪೀಠ ಸಿಗಲಿಲ್ಲ, ಗೋಡೆ ಸಿಕ್ಕಿತು.

ಈ ಚಾಪೆಲ್ಲನ್ನು ರೋಮಿನ ಸಿಸ್ಟೈನ್ ಚಾಪೆಲ್ಲಿಗೆ ಹೋಲಿಸುವ ಮಾತು ಊರಲ್ಲಿ ರೂಢಿಯಲ್ಲಿದೆ. ಪ್ರೀತಿಯಿಂದ ಹೇಳುವ ಮಾತೇ. ಆದರೆ ಆ ಹೋಲಿಕೆಯಿಂದ ಮೊಸ್ಕೇನಿಗೆ ಅನ್ಯಾಯವಾಗುತ್ತದೆ. ಮೈಕೆಲೆಂಜೆಲೊ 1508ರಿಂದ 1512ರವರೆಗೆ ಬರೆದ ಚಾವಣಿ ಪೋಪರ ಆಸ್ಥಾನದ ಕೆಲಸ, ಅದರ ಹಿಂದೆ ಆಸ್ಥಾನದ ಹಣವಿತ್ತು, ಫ್ಲಾರೆನ್ಸಿನಿಂದ ಬಂದ ನುರಿತ ಸಹಾಯಕರಿದ್ದರು. ಮೊಸ್ಕೇನಿಯ ಬೇರು ಬೇರೆ ಕಡೆ ಇದೆ. ಲೊಂಬಾರ್ಡಿಯ ಹಳ್ಳಿ ಪಟ್ಟಣಗಳ ಇಗರ್ಜಿಗಳಲ್ಲಿ ಗೋಡೆಯ ಒಂದು ಗೇಣನ್ನೂ ಖಾಲಿ ಬಿಡದೆ ಚಿತ್ರ, ಬಳ್ಳಿ, ಚೌಕಟ್ಟು, ಹೂಮಾಲೆ ತುಂಬುವ ಪದ್ಧತಿ ಇದೆ. ಅದು ಆಸ್ಥಾನದ ಕಲೆಗಿಂತ ಊರಿನ ಮೇಸ್ತ್ರಿಗಳ ಕಲೆಗೆ ಹತ್ತಿರದ್ದು, ಬೇಗ ಮತ್ತು ಗಟ್ಟಿಯಾಗಿ ಮುಗಿಸಬೇಕಾದ ಕೆಲಸ. ಇಲ್ಲಿ ನೋಡಬೇಕಾದದ್ದು ಆ ವೇಗವನ್ನೇ. ಕೆಲಸ ನಡೆದದ್ದು 1899ರಿಂದ 1901ರ ನಡುವೆ. ಎರಡೂವರೆ ವರ್ಷ ಎಂದಿಟ್ಟುಕೊಂಡರೂ, ಭಾನುವಾರ ಹಬ್ಬ ಯಾವುದನ್ನೂ ಕಳೆಯದೆ, ದಿನಕ್ಕೆ ಹತ್ತಿರ ಹತ್ತಿರ ಒಂದು ಚದರ ಮೀಟರ್ ಬೀಳುತ್ತದೆ. ಅದೂ ಎರಡು ಮಳೆಗಾಲ ದಾಟಿಕೊಂಡು.

ಸಂಜೆ ನಾಲ್ಕರ ಮೇಲೆ ಬೆಳಕಿನ ಓರೆ ಬದಲಾಗುತ್ತದೆ. ಹೊರಡುವ ಮುನ್ನ ಇನ್ನೊಮ್ಮೆ ಒಳಗೆ ಹೋಗಿ, ಬೆಳಿಗ್ಗೆ ಕೂತ ಬೆಂಚಿನಲ್ಲೇ ಕೂತು, ಕಿಟಕಿಯ ಬೆಳಕು ಓರೆಯಾಗಿ ತಾಗುವ ಭಾಗಗಳನ್ನು ಗುರುತು ಹಾಕಿಕೊಳ್ಳಿ. ಹೊಳಪು ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಎಂಬಷ್ಟೇ ಬರೆದಿಟ್ಟರೆ ಸಾಕು. ಕಾರಣ ನಾಳೆ ತಿಳಿಯುತ್ತದೆ. ಕಾಲೇಜಿನ ಆವರಣದಲ್ಲೇ 1913ರಲ್ಲಿ ಆರಂಭವಾದ ಅಲೋಶಿಯಂ ವಸ್ತುಸಂಗ್ರಹಾಲಯವಿದೆ, ತೆರೆದಿದ್ದರೆ ಒಂದು ಗಂಟೆ ಕೊಡಬಹುದು.

ಎರಡನೇ ದಿನ

ಇಂದು ಚಿತ್ರ ಬೇಡ. ಚಿತ್ರ ಕೂತಿರುವ ಮೈ ನೋಡೋಣ.

ಬಾವುಟಗುಡ್ಡೆಯಿಂದ ಬಲ್ಮಠ ದೂರವಿಲ್ಲ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್ನಿನ ಮುದ್ರಣಾಲಯ ಅಲ್ಲಿ 1841ರಲ್ಲಿ ಶುರುವಾಯಿತು. ಜರ್ಮನಿಯ ಹರ್ಮನ್ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ್ದು, ಫರ್ಡಿನಾಂಡ್ ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾಗಿ ಹೊರಬಂದದ್ದು ಇದೇ ಊರಿನಿಂದ. ಅತ್ತ ಕಂಕನಾಡಿಯಲ್ಲಿ ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಔಷಧಶಾಲೆ ತೆರೆದಿದ್ದರು. ಮೊಸ್ಕೇನಿ ಹಡಗಿನಿಂದ ಇಳಿಯುವಾಗ ಈ ಊರಿನಲ್ಲಿ ಹೊರನಾಡಿನವರು ಇಲ್ಲಿನ ಕೆಲಸವನ್ನು ತಮ್ಮದಾಗಿಸಿಕೊಳ್ಳುವ ರೂಢಿ ಆಗಲೇ ಗಟ್ಟಿಯಾಗಿತ್ತು. ಕಿಟೆಲ್ ಭಾಷೆಯನ್ನು ಒಳಗೆ ಹೊಕ್ಕು ಕಲಿತರು, ಮುಲ್ಲರ್ ರೋಗಿಗಳ ನಡುವೆ ಬದುಕಿದರು. ಮೊಸ್ಕೇನಿಯ ವಿಷಯದಲ್ಲಿ ಮಾತ್ರ ಜನ ಹುಡುಕುವ ಜಾಗ ತಪ್ಪುತ್ತದೆ. ಅವನ ಚಿತ್ರದಲ್ಲಿ ಯಕ್ಷಗಾನದ ಕಿರೀಟವನ್ನೋ ತುಳುನಾಡಿನ ಮುಖವನ್ನೋ ಅರಸಿ ನಿರಾಶರಾಗುತ್ತಾರೆ. ಮುಖ, ಉಡುಪು, ಹಾವಭಾವ ಎಲ್ಲ ಇಟಲಿಯವೇ. ಈ ನೆಲ ಅವನ ಕೈಗೆ ಹತ್ತಿದ್ದು ಕಲ್ಲು, ಸುಣ್ಣ, ಹೊಯಿಗೆ, ನೀರು, ಮಳೆಗಳ ಮೂಲಕ. ಫ್ರೆಸ್ಕೊ ಬರೆಯುವವನಿಗೆ ಇವು ಬರಿಯ ಸಾಮಗ್ರಿಯಲ್ಲ, ಅರ್ಧ ಚಿತ್ರವೇ ಇವುಗಳದ್ದು.

ಮೊದಲು ಕಲ್ಲು. ಕಾಲ ಇನ್ನೂ ಕೆಡವದ ಹಳೆಯ ಕಾಂಪೌಂಡ್ ಗೋಡೆಗಳು ಜೆಪ್ಪು ಕಡೆಗೆ ಹೋಗುವ ದಾರಿಯಲ್ಲಿ ಬೇಕಾದಷ್ಟಿವೆ. ಸಾರಣೆ ಕಳಚಿದ ಒಂದು ಕಡೆ ಹತ್ತಿರ ಹೋಗಿ ಮುರಕಲ್ಲನ್ನು, ಅಂದರೆ ಇಲ್ಲಿನ ಕೆಂಪು ಲ್ಯಾಟರೈಟ್ ಕಲ್ಲನ್ನು, ನೋಡಿ. ಕಡಲೆಕಾಳಿನಷ್ಟು, ಕೆಲವು ಕಡೆ ಹೆಬ್ಬೆರಳಿನಷ್ಟು ದೊಡ್ಡ ತೂತುಗಳು. ಕೆಲವು ತೂತುಗಳೊಳಗೆ ಹಳದಿ ಜೇಡಿ ಕೂತಿರುತ್ತದೆ, ಕೆಲವು ಖಾಲಿ. ಗಣಿಯಿಂದ ತೆಗೆದ ಹೊಸತರಲ್ಲಿ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿರುವ ಕಲ್ಲು ಗಾಳಿ ಬಿಸಿಲಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಈ ಗುಣಕ್ಕಾಗಿಯೇ ಕರಾವಳಿಯ ಮನೆ, ಗುಡಿ, ಇಗರ್ಜಿ ಎಲ್ಲವೂ ಇದರಲ್ಲೇ ಎದ್ದವು. ಚಿತ್ರಗಾರನಿಗೆ ಇದೇ ಕಲ್ಲು ಒಂದು ಕಡೆ ವರ, ಒಂದು ಕಡೆ ಶಾಪ. ತೂತುಗಳ ಒಳಗೆ ಸಾರಣೆ ಹೊಕ್ಕು ಬೇರು ಬಿಟ್ಟಂತೆ ಹಿಡಿಯುತ್ತದೆ. ಆದರೆ ಅದೇ ತೂತುಗಳು ಬುಡದಿಂದ ನೀರನ್ನು ದೀಪದ ಬತ್ತಿಯಂತೆ ಮೇಲಕ್ಕೆ ಎಳೆಯುತ್ತವೆ. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಎರಡನೆಯದು ಸುಣ್ಣ. ಆ ಕಾಲದ ಕರಾವಳಿಯಲ್ಲಿ ಸುಣ್ಣವೆಂದರೆ ಚಿಪ್ಪಿನ ಸುಣ್ಣ. ನೇತ್ರಾವತಿ, ಫಲ್ಗುಣಿ ಅಳಿವೆಗಳಲ್ಲಿ ಸಿಗುವ ಮರುವಾಯಿ ಮುಂತಾದ ಚಿಪ್ಪುಗಳನ್ನು ಇದ್ದಿಲಿನ ಜೊತೆ ಪದರ ಪದರವಾಗಿ ಗೂಡಿಗೆ ತುಂಬಿ ಸುಡುತ್ತಿದ್ದರು. ಸುಟ್ಟ ಚಿಪ್ಪಿಗೆ ನೀರು ಬಿದ್ದರೆ ಕುದಿದು ಒಡೆದು ಪುಡಿಯಾಗುತ್ತದೆ. ಅದನ್ನು ಹೆಚ್ಚು ನೀರಿನಲ್ಲಿ ನೆನೆಹಾಕಿ ಜರಡಿ ಹಿಡಿದು ಗುಂಡಿಯಲ್ಲಿ ನೀರಿನ ಕೆಳಗೆ ಇಟ್ಟರೆ ಬೆಣ್ಣೆಯಂತಹ ಮುದ್ದೆ ಸಿಗುತ್ತದೆ. ಸಾಮಾನ್ಯ ಸಾರಣೆಗೆ ಕೆಲವು ವಾರ ನೆನೆದರೂ ನಡೆಯುತ್ತದೆ. ಫ್ರೆಸ್ಕೊಗೆ ತಿಂಗಳುಗಟ್ಟಲೆ ಹಣ್ಣಾಗಬೇಕು. ಸರಿಯಾಗಿ ನೀರು ಹಿಡಿಯದ ಒಂದು ಕಾಳು ಒಳಗೆ ಉಳಿದರೂ ಅದು ಗೋಡೆಯ ಮೇಲೆ ಯಾವಾಗಲೋ ನೀರು ಹೀರಿ ಉಬ್ಬುತ್ತದೆ, ಚಿತ್ರದ ನಡುವೆ ಸಣ್ಣ ಗುಳಿ ಬೀಳಿಸಿ ಉದುರುತ್ತದೆ. ಮುದ್ದೆ ಹಣ್ಣಾಗಿದೆಯೇ ಎಂದು ತಿಳಿಯಲು ಕರಣೆಯನ್ನು ಅದರಲ್ಲಿ ಅದ್ದಿ ಎತ್ತಬೇಕು. ಕರಣೆಗೆ ನುಣ್ಣಗೆ ಅಂಟಿ, ನಿಧಾನವಾಗಿ ಜಾರಿದರೆ ಆಯಿತು. ತರಿ ತರಿಯಾಗಿ ಕಳಚಿಕೊಂಡರೆ ಮತ್ತೆ ಗುಂಡಿಗೆ.

ಮೂರನೆಯದು ಹೊಯಿಗೆ. ಮಂಗಳೂರಿನ ಹೊಯಿಗೆಬಜಾರಿಗೆ ಮರಳಿನಿಂದಲೇ ಆ ಹೆಸರು, ನದಿಯ ದಂಡೆಯ ಆ ಕಡೆಯಲ್ಲಿ ಮುಂದೆ ಹಂಚಿನ ಕಾರ್ಖಾನೆಗಳು ಬೆಳೆದವು. ಆದರೆ ಮರಳು ಎಲ್ಲಿಂದ ತೆಗೆದದ್ದು ಎಂಬುದೇ ಮುಖ್ಯ. ಕಡಲ ಉಬ್ಬರ ಮುಟ್ಟುವ ಜಾಗದ ಹೊಯಿಗೆಯಲ್ಲಿ ಉಪ್ಪಿರುತ್ತದೆ. ಉಪ್ಪು ಸೇರಿದ ಸಾರಣೆ ಮಳೆಗಾಲದಲ್ಲಿ ಬೆವರುತ್ತದೆ, ಬೇಸಿಗೆಯಲ್ಲಿ ಬಿಳಿ ಹರಳು ಹೊರಹಾಕುತ್ತದೆ, ಹರಳು ಬೆಳೆಯುವಾಗ ಬಣ್ಣದ ಪದರವನ್ನೇ ಮೇಲಕ್ಕೆ ತಳ್ಳುತ್ತದೆ. ಅದಕ್ಕೆ ಸಿಹಿನೀರಿನ ಮೇಲ್ಹರಿವಿನ ಹೊಯಿಗೆಯೇ ಬೇಕು, ಅದನ್ನೂ ತೊಳೆಯಬೇಕು. ಒಂದು ಮುಷ್ಟಿ ಹೊಯಿಗೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ಬಿಟ್ಟರೆ ಮೇಲೆ ಕೆಸರು ತೇಲುತ್ತದೆಯೇ ಎಂದು ಗೊತ್ತಾಗುತ್ತದೆ. ಜೇಡಿ ಹೆಚ್ಚಿದ್ದರೆ ಸಾರಣೆ ಒಣಗುವಾಗ ಜೇಡನ ಬಲೆಯಂತೆ ಬಿರಿಯುತ್ತದೆ.

ಈ ಮೂರೂ ಕೂಡಿದ ಮೇಲೆ ಕೆಲಸ ಹೇಗೆ ನಡೆಯುತ್ತದೆ? ಮುರಕಲ್ಲಿನ ಗೋಡೆಯನ್ನು ಹಿಂದಿನ ದಿನವೇ ನೀರು ಹೊಡೆದು ತಣಿಸುತ್ತಾರೆ. ಇಲ್ಲದಿದ್ದರೆ ಒಣ ಕಲ್ಲು ಸಾರಣೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಮೊದಲು ಒರಟು ಪದರ: ಒಂದು ಪಾಲು ಸುಣ್ಣದ ಮುದ್ದೆಗೆ ಎರಡರಿಂದ ಮೂರು ಪಾಲು ದಪ್ಪ ಹೊಯಿಗೆ, ಒಂದರಿಂದ ಒಂದೂವರೆ ಸೆಂಟಿಮೀಟರ್ ದಪ್ಪ. ಮೇಲ್ಮೈಯನ್ನು ನುಣುಪು ಮಾಡದೆ ಗೀರಿ ಬಿಡಬೇಕು, ಮುಂದಿನ ಪದರ ಹಿಡಿಯಲು. ಇದು ಚೆನ್ನಾಗಿ ಗಟ್ಟಿಯಾದ ಮೇಲೆ ಚಿತ್ರದ ದಿನ ಬೆಳಿಗ್ಗೆ ನುಣ್ಣನೆಯ ಪದರ: ಒಂದಕ್ಕೆ ಒಂದು ಅಥವಾ ಒಂದೂವರೆ ಪಾಲು ಜರಡಿ ಹಿಡಿದ ಸಣ್ಣ ಹೊಯಿಗೆ, ಮೂರರಿಂದ ಐದು ಮಿಲಿಮೀಟರ್ ಮಾತ್ರ. ಅದನ್ನು ಇಡೀ ಗೋಡೆಗೆ ಹಾಕುವುದಿಲ್ಲ. ಅಂದು ಎಷ್ಟು ಬರೆದು ಮುಗಿಸಲು ಸಾಧ್ಯವೋ ಅಷ್ಟಕ್ಕೇ. ಇಟಲಿಯವರು ಇದನ್ನು 'ಜೋರ್ನಾತ' ಎನ್ನುತ್ತಾರೆ, ಒಂದು ದಿನದ ಪಾಲು ಎಂದರ್ಥ.

ಸಾರಣೆ ಹಾಕಿ ಒಂದೆರಡು ಗಂಟೆ ಕಾಯಬೇಕು. ಬೆರಳು ಒತ್ತಿದರೆ ತಂಪು ತಾಗಬೇಕು, ಗುಳಿ ಬೀಳಬಾರದು. ದೊಡ್ಡ ಕಾಗದದ ಮೇಲೆ ಮೊದಲೇ ಬರೆದಿಟ್ಟ ರೇಖೆಗಳನ್ನು ಗೋಡೆಗೆ ಇಳಿಸಲು ಎರಡು ದಾರಿ. ರೇಖೆಯುದ್ದಕ್ಕೂ ಸೂಜಿಯಿಂದ ತೂತು ಹಾಕಿ, ಬಟ್ಟೆಯ ಗಂಟಿನಲ್ಲಿ ಇದ್ದಿಲ ಪುಡಿ ಕಟ್ಟಿ ತಟ್ಟಿದರೆ ಗೋಡೆಯ ಮೇಲೆ ಚುಕ್ಕಿ ರಂಗೋಲಿಯಂತೆ ಗುರುತು ಬೀಳುತ್ತದೆ. ಇಲ್ಲವೇ ಕಾಗದದ ಮೇಲಿಂದ ಮೊಂಡು ಮೊಳೆಯಿಂದ ಒತ್ತಿ ಎಳೆದರೆ ಹಸಿ ಸಾರಣೆಯಲ್ಲಿ ಸಣ್ಣ ಹಳ್ಳವಾಗಿ ರೇಖೆ ಮೂಡುತ್ತದೆ. ಬಣ್ಣವನ್ನು ಬರಿಯ ನೀರಿನಲ್ಲಿ ಕಲಸುತ್ತಾರೆ. ಅಂಟು ಬೇಡ, ಅಂಟು ಸುಣ್ಣವೇ. ಹಸಿ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ, ಅಂದರೆ ಮತ್ತೆ ಕಲ್ಲಾಗಿ ತಿರುಗುವಾಗ ಬಣ್ಣದ ಕಣಗಳು ಆ ಹರಳಿನ ಪೊರೆಯೊಳಗೆ ಸಿಕ್ಕಿಕೊಳ್ಳುತ್ತವೆ. ಬರೆಯಲು ಸಿಗುವುದು ಆರೆಂಟು ಗಂಟೆ. ಆಮೇಲೆ ಇಟ್ಟ ಬಣ್ಣ ಒಳಗೆ ಹೋಗದು, ಮೇಲೆ ಪುಡಿಯಾಗಿ ಉಳಿದು ಕೈಗೆ ಬರುತ್ತದೆ. ಸಂಜೆ ಉಳಿದ ಖಾಲಿ ಸಾರಣೆಯನ್ನು ಕರಣೆಯಿಂದ ಓರೆಯಾಗಿ ಕತ್ತರಿಸಿ ತೆಗೆದು ಎಸೆಯಬೇಕು. ಮರುದಿನದ ಪಾಲು ಆ ಓರೆ ಅಂಚಿಗೆ ಬಂದು ಕೂರುತ್ತದೆ. ಕೆಲಸ ಸಾಗುವುದು ಮೇಲಿನಿಂದ ಕೆಳಕ್ಕೆ, ತೊಟ್ಟಿಕ್ಕುವ ನೀರು ಮುಗಿದ ಭಾಗವನ್ನು ಕೆಡಿಸಬಾರದೆಂದು.

ಬಣ್ಣಗಳಲ್ಲೂ ಎಲ್ಲವೂ ಸುಣ್ಣಕ್ಕೆ ಒಗ್ಗುವುದಿಲ್ಲ. ಹಳದಿ ಕಾವಿ, ಕೆಂಪು ಕಾವಿ, ಕಂದುಮಣ್ಣು, ಹಸಿರುಮಣ್ಣು, ಇದ್ದಿಲ ಕಪ್ಪು, ಸುಣ್ಣದ್ದೇ ಬಿಳಿ, ಕೋಬಾಲ್ಟ್ ನೀಲಿ ನಿಲ್ಲುತ್ತವೆ. ಪ್ರಷ್ಯನ್ ನೀಲಿ ಸುಣ್ಣಕ್ಕೆ ತಾಗಿದರೆ ಕಂದಾಗುತ್ತದೆ. ಸೀಸದ ಬಿಳಿ ಕಪ್ಪಾಗುತ್ತದೆ. ಹಸಿಯಿದ್ದಾಗ ಗಾಢವಾಗಿ ಕಂಡ ಬಣ್ಣ ಒಣಗಿದ ಮೇಲೆ ಎಷ್ಟೋ ತಿಳಿಯಾಗುತ್ತದೆ, ಇಂದಿನ ಪಾಲು ನಿನ್ನೆಯ ಪಾಲಿಗೆ ಹೊಂದುತ್ತದೆಯೇ ಎಂದು ತಿಳಿಯಲು ವಾರಗಳೇ ಬೇಕು. ಹೀಗಾಗಿ ಒಂದು ಆಕಾಶಕ್ಕೋ ಒಂದು ನಿಲುವಂಗಿಗೋ ಬೇಕಾಗುವ ಬಣ್ಣವನ್ನು ಮೊದಲೇ ಒಟ್ಟಿಗೆ ಅರೆದು ಭರಣಿಯಲ್ಲಿ ತುಂಬಿಡುತ್ತಾರೆ.

ಈಗ ಇದನ್ನು ಮಂಗಳೂರಿನ ಹವೆಗೆ ಇಳಿಸಿ ನೋಡಿ. ಏಪ್ರಿಲ್ ಬಿಸಿಲಿನಲ್ಲಿ ಸಾರಣೆಯ ಮೈ ಬೇಗ ಒಣಗಿ, ಬಣ್ಣ ಹಿಡಿಯುವ ಹೊತ್ತು ಕುಗ್ಗುತ್ತದೆ. ಜುಲೈಯಲ್ಲಿ ಉಲ್ಟಾ. ಹೊತ್ತು ಧಾರಾಳ, ಆದರೆ ಹಿಂದಿನ ಒರಟು ಪದರವೇ ವಾರಗಟ್ಟಲೆ ಒದ್ದೆ, ಕಾಗದ ಮೆತ್ತಗೆ, ಹಗಲಲ್ಲೂ ಕತ್ತಲೆ, ಮೂಲೆಗಳಲ್ಲಿ ಬೂಷ್ಟು. ಬೆರ್ಗಾಮೊದಲ್ಲಿ ಕಲಿತ ಲೆಕ್ಕ ಒಂದೂ ಇಲ್ಲಿ ಹಾಗೆಯೇ ನಡೆಯದು. ಪ್ರತಿ ಋತುವಿಗೂ ಹೊಯಿಗೆಯ ಪಾಲು, ಕಾಯುವ ಹೊತ್ತು, ದಿನದ ಪಾಲಿನ ಅಗಲ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಒಂದು ನಾಡನ್ನು ತನ್ನದಾಗಿಸಿಕೊಳ್ಳುವುದು ಕೈಕೆಲಸದವರಿಗೆ ಹೀಗೆ. ಈ ಕರಾವಳಿಗೂ ಸುಣ್ಣದ ಮೇಲೆ ಚಿತ್ರ ಹೊಸತಾಗಿರಲಿಲ್ಲ. ಗೋವಾ, ಉತ್ತರ ಕನ್ನಡದ ಗುಡಿಗಳ ಕಾವಿ ಕಲೆಯಲ್ಲಿ ಬಿಳಿ ಸುಣ್ಣದ ಮೇಲೆ ಕೆಮ್ಮಣ್ಣು ಬೆರೆಸಿದ ಪದರ ಹಾಕಿ, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಚಿತ್ರವಾಗಿ ಎಬ್ಬಿಸುತ್ತಾರೆ. ಅದೂ ಹಸಿ ಸುಣ್ಣದ ಗಡುವಿನೊಂದಿಗೆ ಓಡುವ ಕಲೆಯೇ.

ಮಧ್ಯಾಹ್ನದ ಮೇಲೆ ಜೆಪ್ಪು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆ ಈ ಕಡೆಯದು. ಮಂಗಳೂರು ಹಂಚಿಗೂ ಫ್ರೆಸ್ಕೊಗೂ ನೇರ ಸಂಬಂಧವಿದೆ: ಹಂಚು ಒಂದು ಅಲುಗಿದರೆ ಕೆಳಗಿನ ಚಿತ್ರಕ್ಕೆ ನೀರು. ಜೆಪ್ಪಿನ ಸಂತ ಜೋಸೆಫರ ಸೆಮಿನರಿಯ ಚಾಪೆಲ್ಲಿನಲ್ಲೂ ಮೊಸ್ಕೇನಿಯ ಕೆಲಸವಿದೆ. ಅದು ಪಾದ್ರಿಗಳಾಗಲಿರುವವರು ಓದುವ ಜಾಗ, ಪ್ರವಾಸಿ ತಾಣವಲ್ಲ. ಮೊದಲೇ ಅನುಮತಿ ಕೇಳಿ ಹೋಗಿ, ಬೇಡ ಎಂದರೆ ಒತ್ತಾಯಿಸಬೇಡಿ.

ಮೂರನೇ ದಿನ

ಬೆಳಿಗ್ಗೆ ಮತ್ತೆ ಬಾವುಟಗುಡ್ಡೆ. ಈಗ ಮೊದಲ ದಿನದ ಹೊಳಪಿನ ಟಿಪ್ಪಣಿ ತೆಗೆಯಿರಿ. ಓರೆ ಬೆಳಕಿನಲ್ಲಿ ಮಿನುಗುವ ಮೈ ಎಣ್ಣೆಬಣ್ಣದ್ದು. ಬೈನಾಕ್ಯುಲರಿನಲ್ಲಿ ನಿಧಾನವಾಗಿ ನೋಡಿದರೆ ಬಟ್ಟೆಯ ನೇಯ್ಗೆ ಅಥವಾ ಬಲೆಯಂತಹ ಬಿರುಕು ಸಿಗಬಹುದು. ಬೆಳಕು ಎಲ್ಲಿಂದ ಬಂದರೂ ಮಂಕಾಗಿ, ಸೀಮೆಸುಣ್ಣದಂತೆ ತಣ್ಣಗೆ ಉಳಿಯುವುದು ಫ್ರೆಸ್ಕೊ. ಅದರಲ್ಲಿ ಹುಡುಕಬೇಕಾದದ್ದು ದಿನದ ಪಾಲುಗಳ ಸೇರಿಕೆ. ಸಾಮಾನ್ಯವಾಗಿ ಆಕೃತಿಗಳ ಹೊರರೇಖೆಯ ಗುಂಟ, ಮಡಿಕೆ ನೆರಳುಗಳಲ್ಲಿ ಅದನ್ನು ಅಡಗಿಸುತ್ತಾರೆ. ಒಂದು ಕೂದಲೆಳೆಯ ಏರು, ಅದರ ಆಚೆ ಈಚೆ ಒಂದೇ ನೀಲಿಯ ಎರಡು ತೂಕ. ಅಂತಹ ಒಂದು ಗೆರೆ ಕಣ್ಣಿಗೆ ಬಿದ್ದರೆ, ಅದು 1900ರ ಸುಮಾರಿಗೆ ಒಂದು ಸಂಜೆ ಕರಣೆ ನಿಂತ ಜಾಗ.

ಗೋಡೆಗಳ ಸರದಿ ಈಗ. ಪಕ್ಕದ ಗೋಡೆಗಳಲ್ಲಿ ಯೇಸುವಿನ ಬದುಕು: ಜೋರ್ಡಾನ್ ನದಿಯಲ್ಲಿ ಸ್ನಾನಿಕ ಯೊವಾನ್ನನಿಂದ ದೀಕ್ಷಾಸ್ನಾನ, ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದದ್ದು. ಹಿಂಗೋಡೆಯ ನಡುವೆ ಶಿಲುಬೆಯ ಮರಣ, ಅಲ್ಲೇ ಮಕ್ಕಳ ಗೆಳೆಯನಾಗಿ ಯೇಸು. ಕಾಲೇಜಿನ ಚಾಪೆಲ್ಲಿಗೆ ಈ ಕೊನೆಯ ಆಯ್ಕೆ ಎಷ್ಟು ಒಪ್ಪುತ್ತದೆ ಎಂಬುದು ವಿದ್ಯಾರ್ಥಿಗಳು ಪ್ರಾರ್ಥನೆ ಮುಗಿಸಿ ತಿರುಗಿ ಹೊರಡುವಾಗ ಗೊತ್ತಾಗುತ್ತದೆ. ಹೊರಗೆ ಹೋಗುವವರ ಕಣ್ಣಿಗೆ ಎದುರಾಗುವ ಗೋಡೆ ಅದು. ಚಾವಣಿಗಿಂತ ಈ ಗೋಡೆಗೆ ಹೆಚ್ಚು ಹೊತ್ತು ಕೊಡುವುದು ಒಳ್ಳೆಯದು. ಚಿತ್ರ ಕಣ್ಣಿನ ಮಟ್ಟಕ್ಕೆ ಹತ್ತಿರ ಬರುವಲ್ಲಿ ಕೈ ಓಡಿದ ರೀತಿ ತಿಳಿಯುತ್ತದೆ: ಮೊದಲು ತೆಳುವಾದ ಬಣ್ಣದ ಹರಡು, ಅದರ ಮೇಲೆ ಗೀರು ಗೀರಾಗಿ ನೆರಳು, ಕೊನೆಗೆ ಬಿಳಿಯ ನಾಲ್ಕೇ ಎಳೆತ. ಹಸಿ ಸುಣ್ಣದ ಮೇಲೆ ತಿದ್ದಲು ಬಿಡುವಿಲ್ಲದವನ ಕೈ.

ಶತಮಾನ ಕಳೆಯುವ ಮುನ್ನವೇ ಈ ಚಿತ್ರಗಳು ದುರಸ್ತಿ ಬೇಡಿದವು. ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್‌ನ ತಜ್ಞರು 1991ರಿಂದ 1994ರವರೆಗೆ ಇಲ್ಲಿ ಕೆಲಸ ಮಾಡಿದರು. ಇಂತಹ ಜಾಗದಲ್ಲಿ ಕೆಡುವುದು ಏನು ಎಂದು ತಿಳಿದರೆ ಆ ಶ್ರಮದ ಬೆಲೆ ತಿಳಿಯುತ್ತದೆ. ಹಂಚಿನ ಸಂದಿಯಿಂದ ಇಳಿದ ನೀರು ಸಾರಣೆಯ ಹಿಂದೆ ಕೂತು, ಪದರವನ್ನು ಕಲ್ಲಿನಿಂದ ಬಿಡಿಸುತ್ತದೆ. ಬೆರಳಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಜಾಗ ಮೊಂಡು ಸದ್ದು ಕೊಡುತ್ತದೆ, ಬಿಟ್ಟ ಜಾಗ ಹಣ್ಣಾದ ಹಲಸಿನಂತೆ ಟೊಳ್ಳು ಸದ್ದು ಕೊಡುತ್ತದೆ. ಇದು ಸಂರಕ್ಷಕರು ಮಾಡುವ ಪರೀಕ್ಷೆ, ನೋಡುಗರು ಗೋಡೆ ಮುಟ್ಟಲೇಬಾರದು. ಬಿಟ್ಟ ಜಾಗಕ್ಕೆ ಸಣ್ಣ ತೂತಿನಿಂದ ತೆಳು ಸುಣ್ಣದ ಗಾರೆಯನ್ನು ಸೂಜಿಯಲ್ಲಿ ಚುಚ್ಚಿ ತುಂಬಿ, ಮೆತ್ತನೆಯ ಆಧಾರ ಕೊಟ್ಟು ಕೂರಿಸುತ್ತಾರೆ. ಉಪ್ಪು ಹೊರಬಂದ ಕಡೆ ಶುದ್ಧನೀರಿನ ಕಾಗದದ ಪಟ್ಟಿ ಹಾಕಿ ಎಳೆಯುತ್ತಾರೆ. ಮೇಣದಬತ್ತಿಯ ಮಸಿ, ಧೂಳು ತೆಗೆಯುವುದು ಅಂಗುಲ ಅಂಗುಲದ ಕೆಲಸ. ಇಂತಹ ಹಳೆಯ ಕಟ್ಟಡಗಳಿಗೆ ಆಗುವ ದೊಡ್ಡ ಅಪಾಯ ಒಳ್ಳೆಯ ಮನಸ್ಸಿನಿಂದ ಮಾಡಿದ ಸಿಮೆಂಟ್ ತೇಪೆ. ಸಿಮೆಂಟ್ ಗೋಡೆಯನ್ನು ಉಸಿರಾಡಲು ಬಿಡದು. ಅಲ್ಲಿ ಹೊರಬರಲಾಗದ ತೇವ ಪಕ್ಕದ ಸುಣ್ಣದ ಕಡೆಗೆ ತಿರುಗಿ, ಚಿತ್ರದ ಮೂಲಕವೇ ದಾರಿ ಮಾಡಿಕೊಳ್ಳುತ್ತದೆ, ಸಿಮೆಂಟಿನ ಉಪ್ಪನ್ನೂ ಹೊತ್ತುಕೊಂಡು. ನಮ್ಮ ಊರುಗಳ ಗುಡಿ, ಬಸದಿ, ಇಗರ್ಜಿಗಳಲ್ಲಿ ಎಷ್ಟೋ ಹಳೆಯ ಸಾರಣೆ ಹೀಗೆಯೇ ಹೋಗಿದೆ. ಊರವರು ಇದೊಂದನ್ನು ತಿಳಿದುಕೊಂಡರೂ ಬಹಳ ಉಳಿಯುತ್ತದೆ.

ಕ್ಯಾನ್ವಾಸಿನ ಕಷ್ಟ ಬೇರೆ. ಮಳೆಗಾಲದಲ್ಲಿ ಬಟ್ಟೆಯೂ ಅದರ ಅಂಟೂ ತೇವ ಹೀರಿ ಹಿಗ್ಗಿ ಕುಗ್ಗುತ್ತವೆ. ಒಣಗಿ ಬಿರುಸಾದ ಎಣ್ಣೆಬಣ್ಣಕ್ಕೆ ಅಷ್ಟು ಬಾಗಲು ಬರುವುದಿಲ್ಲ, ಬಿರುಕು ಬಿಟ್ಟು ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಮೂರು ಗಂಟೆಯ ಹೊತ್ತಿಗೆ ಗುಡ್ಡ ಇಳಿದು ಸ್ಟೇಟ್‌ಬ್ಯಾಂಕ್ ದಾಟಿ ಹಳೆಯ ಬಂದರಿಗೆ ನಡೆಯಿರಿ. ಇಂದು ಅಲ್ಲಿ ಮೀನಿನ ಬೋಟುಗಳು, ಮಂಜುಗಡ್ಡೆಯ ಲಾರಿಗಳು, ದಕ್ಕೆಯ ಗಲಾಟೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಮೊಸ್ಕೇನಿಯ ಕಾಲಕ್ಕೆ ದೂರದೂರಿಗೆ ಕಡಲೇ ದೊಡ್ಡ ದಾರಿ. ಅಳಿವೆಯ ಬಾಯಿಯ ಮರಳುದಿಬ್ಬದಿಂದಾಗಿ ದೊಡ್ಡ ಹಡಗುಗಳು ಹೊರಗೇ ನಿಲ್ಲುತ್ತಿದ್ದವು, ಜನ, ಸಾಮಾನು ಎಲ್ಲ ದೋಣಿಯಲ್ಲೇ ದಡಕ್ಕೆ. ಮಳೆಗಾಲದಲ್ಲಿ ಅದೂ ನಿಂತುಹೋಗುತ್ತಿತ್ತು.

ಬಾವುಟಗುಡ್ಡೆಯ ಕೆಲಸ ಮುಗಿದ ಮೇಲೆ ಅವನ ಕೊನೆಯ ದೊಡ್ಡ ಕೆಲಸ ದಕ್ಷಿಣದಲ್ಲಿ, ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಜ್ ಇಗರ್ಜಿಯಲ್ಲಿ. ಅಲ್ಲಿ ಅವನ ಜೊತೆ ಕುಂಚ ಹಿಡಿದವನು ಮಂಗಳೂರಿನವನೇ ಆದ ಶಿಷ್ಯ, ಡಿ ಗಾಮ. ಲೊಂಬಾರ್ಡಿಯಿಂದ ಬಂದ ಕೈಗೆ ಇನ್ನೊಂದು ಊರಿನಲ್ಲಿ ನೆರವಾದದ್ದು ಈ ಊರಿನ ಕೈ. ಲಿಯೊನಾರ್ಡೊನ ಮಾದರಿಯ ಕಡೆಯ ಭೋಜನವೂ ಸೇರಿ ಏಳು ದೊಡ್ಡ ಕ್ಯಾನ್ವಾಸ್ ಚಿತ್ರಗಳು ಅಲ್ಲಿವೆ. ಎಡೆಬಿಡದ ದುಡಿಮೆಯಲ್ಲಿ ಮೊಸ್ಕೇನಿ ಕಾಯಿಲೆ ಬಿದ್ದು 1905ರ ನವೆಂಬರ್ 15ರಂದು ಅಲ್ಲೇ ತೀರಿಕೊಂಡ. ಆಗ 51 ವರ್ಷ. ಇಗರ್ಜಿಯ ಪ್ರತಿಷ್ಠೆ ನಡೆದದ್ದು ಅದಾಗಿ ನಾಲ್ಕನೇ ದಿನ, ನವೆಂಬರ್ 19ಕ್ಕೆ.

ಮುಂದುವರಿಯಬೇಕೆನ್ನುವವರು ಮಂಗಳೂರು ಸೆಂಟ್ರಲ್‌ನಿಂದ ಸಂಜೆಯ ರೈಲು ಹಿಡಿದರೆ ಬೆಳಗಾಗುವ ಮುನ್ನವೇ ಎರ್ನಾಕುಲಂ ತಲುಪುತ್ತಾರೆ. ಅಲ್ಲಿಂದ ಜೆಟ್ಟಿಯ ದೋಣಿಯಲ್ಲಿ ಫೋರ್ಟ್ ಕೊಚ್ಚಿ. ಕನ್ನಡಿಯನ್ನು ಚೀಲದಲ್ಲೇ ಇಟ್ಟುಕೊಂಡಿರಿ, ಅಲ್ಲೂ ಚಿತ್ರಗಳು ತಲೆಯ ಮೇಲೇ ಇವೆ.